ಪರದೇಶದಲ್ಲಿ ಸೋಲಾರ್ ಮನೆ ಕಟ್ಟಬೇಕಾ? ಜಾಗ ತಗೊಳ್ಳೋ ಮೊದಲು ಒಂದು ಕೋಲು ನೆಡಿ

ತಂಗಿ ಆಸ್ಟ್ರೇಲಿಯಾದ ಪರ್ತ್‌ನಿಂದ ಮೊದಲ ಸಲ ಪ್ಲಾಟಿನ ಫೋಟೋ ಕಳಿಸಿದಾಗ ನಾನು ತಡಮಾಡದೆ ಫೋನ್ ಹಚ್ಚಿದೆ. "ದಕ್ಷಿಣಕ್ಕೆ ಇಳಿಜಾರು ಇರೋದನ್ನೇ ಹಿಡೀರಿ, ಸೋಲಾರ್‌ಗೆ ದಕ್ಷಿಣ ಬೇಕು" ಅಂದೆ. ಬಾಗಲಕೋಟೆ ನವನಗರದಲ್ಲಿ ಹದಿನಾಲ್ಕು ವರ್ಷದಿಂದ ಮನೆಗಳ ಮಾಳಿಗೆ ಮೇಲೆ ಸೋಲಾರ್ ಕೂಡಿಸುತ್ತಾ ಬಂದವನು ನಾನು. ಈ ಮಾತು ನಿದ್ದೆಗಣ್ಣಲ್ಲೂ ಬಾಯಿಗೆ ಬರುತ್ತದೆ. ಆ ಕಡೆ ತಂಗಿಯ ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣಾರ, ಇಲ್ಲಿ ಸೂರ್ಯ ಉತ್ತರದ ಕಡೆ ಇರ್ತಾನ್ರಿ" ಅಂದ.

ಹೌದಲ್ವಾ! ಪರ್ತ್ ಇರುವುದು ಭೂಮಧ್ಯರೇಖೆಯ ಆಚೆ, ದಕ್ಷಿಣಕ್ಕೆ ಸುಮಾರು 32 ಡಿಗ್ರಿಯಲ್ಲಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ಉತ್ತರಕ್ಕೇ. ದಕ್ಷಿಣಕ್ಕೆ ಇಳಿದ ಜಾಗ ಅಂದರೆ ಬಿಸಿಲಿಗೆ ಬೆನ್ನು ಹಾಕಿ ಕೂತ ಜಾಗ. ನನ್ನ ಮಾತು ಕೇಳಿದ್ದರೆ ಅವರು ಅದನ್ನೇ ತಗೊಂಡಿರುತ್ತಿದ್ದರು.

ಅವತ್ತಿನಿಂದ ಎರಡು ವರ್ಷ ಅವರ ಜೊತೆ ಕೂತು ನಕ್ಷೆ ನೋಡಿದೆ, ಕಾಗದ ಓದಿದೆ, ಬ್ಯಾಂಕಿಗೆ ಓಡಾಡಿದೆ. ಅದೇ ಹೊತ್ತಿಗೆ ಬೆಳಗಾವಿಯ ನನ್ನ ಗೆಳೆಯನೊಬ್ಬ ಪೋರ್ಚುಗಲ್‌ನಲ್ಲಿ ಜಾಗ ಹುಡುಕಲು ಹೋಗಿ ಕೈ ಸುಟ್ಟುಕೊಂಡ. ಈಗ ಜಮಖಂಡಿ, ಸಿಂದಗಿ, ಗೋಕಾಕದ ಕಡೆಯಿಂದಲೂ ಮಕ್ಕಳನ್ನು ಹೊರಗೆ ಕಳಿಸಿದ ತಂದೆತಾಯಿಗಳು ಫೋನ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಥೆ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ.

ಮೊದಲ ಹೆಜ್ಜೆ: ಆ ದೇಶ ನಿಮಗೆ ಜಾಗ ಕೊಡುತ್ತದಾ?

ನಮ್ಮ ರಾಜ್ಯದಲ್ಲೇ 2020ರ ತಿದ್ದುಪಡಿ ಬರುವ ತನಕ ರೈತರಲ್ಲದವರು ಹೊಲ ತಗೊಳ್ಳಲು ಎಷ್ಟು ಪರದಾಡುತ್ತಿದ್ದರು, ನೆನಪಿರಬೇಕು. ಪರದೇಶದಲ್ಲೂ ಅಂಥ ಬೇಲಿಗಳಿವೆ. ಫಿಲಿಪ್ಪೀನ್ಸ್, ಥಾಯ್ಲೆಂಡ್‌ನಲ್ಲಿ ಸಾಮಾನ್ಯವಾಗಿ ವಿದೇಶಿಯರ ಹೆಸರಿಗೆ ಭೂಮಿ ಆಗುವುದಿಲ್ಲ. ಬಾಲಿಯಲ್ಲಿ ಜಾಗ ಕೊಡಿಸುತ್ತೇವೆ ಅನ್ನುವವರು ಕೊಡಿಸುವುದು ಹೆಚ್ಚಾಗಿ ಗುತ್ತಿಗೆ. "ಅಲ್ಲಿಯವರೊಬ್ಬರ ಹೆಸರಲ್ಲಿ ಮಾಡಿಸೋಣ, ನಿಮಗೆ ಬೇರೆ ಅಗ್ರಿಮೆಂಟ್ ಮಾಡಿಕೊಡ್ತೀವಿ" ಅಂದರೆ ಚಹಾ ಕುಡಿದು ಎದ್ದು ಬನ್ನಿ.

ನ್ಯೂಜಿಲೆಂಡ್ 2018ರಲ್ಲಿ ವಿದೇಶಿಯರು ಮನೆ, ಮನೆಜಾಗ ಕೊಳ್ಳುವುದಕ್ಕೆ ಬಿಗಿ ಕಾನೂನು ತಂದಿತು. ಕೆನಡಾ 2023ರಲ್ಲಿ ತಡೆ ಹಾಕಿ, ಖಾಲಿ ಜಾಗದ ವಿಷಯದಲ್ಲಿ ಆಮೇಲೆ ಸಡಿಲ ಮಾಡಿತು. ಆಸ್ಟ್ರೇಲಿಯಾದಲ್ಲಿ 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರ ತನಕ ವಿದೇಶಿಯರು ಹಳೆಯ ಮನೆ ಕೊಳ್ಳುವಂತಿಲ್ಲ ಅಂತ ಆದೇಶ ಬಂತು. ಖಾಲಿ ಜಾಗ ತಗೊಂಡು ಹೊಸದಾಗಿ ಕಟ್ಟಲು ಅನುಮತಿ ಕೇಳಬಹುದು. ಆದರೆ ಸಾವಿರಾರು ಡಾಲರ್ ಅರ್ಜಿ ಶುಲ್ಕ ಇದೆ, 4 ವರ್ಷದೊಳಗೆ ಮನೆ ಮುಗಿಸಬೇಕು ಅನ್ನುವ ಷರತ್ತೂ ಇದೆ.

ಅಲ್ಲಿನ ಪಿಆರ್, ಅಂದರೆ ಕಾಯಂ ಆಗಿ ಇರುವ ಹಕ್ಕು, ಇರುವವರಿಗೆ ಈ ಅನುಮತಿ ಬೇಕಿಲ್ಲ. ನನ್ನ ತಂಗಿಗೆ ಪಿಆರ್ ಇತ್ತು, ಹಾಗಾಗಿ ಸುಲಭ ಅಂದುಕೊಂಡೆವು. ಅಷ್ಟರಲ್ಲಿ ಅಪ್ಪ, "ನಾನೂ ರೊಕ್ಕ ಕೊಡ್ತೀನಲ್ಲ, ನನ್ನ ಹೆಸರೂ ಇರಲಿ" ಅಂದರು. ಮನೆಯಲ್ಲಿ ಎಲ್ಲರಿಗೂ ಸರಿ ಅನ್ನಿಸಿತು. ವಕೀಲರು ತಡೆದರು. ಅಪ್ಪನ ಹೆಸರು ಸೇರಿದ ಕೂಡಲೇ ಅವರು ವಿದೇಶಿ ಖರೀದಿದಾರ. ಅನುಮತಿ ಬೇಕು, ಅವರ ಪಾಲಿನ ಮೇಲೆ ಹೆಚ್ಚುವರಿ ಡ್ಯೂಟಿಯೂ ಬೀಳುತ್ತದೆ. ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಅದು 7%. ಅಪ್ಪನಿಗೆ ಇದನ್ನು ತಿಳಿಸಿ ಹೇಳಲು ನನಗೆ ಒಂದು ವಾರ ಹಿಡಿಯಿತು.

ಪೋರ್ಚುಗಲ್‌ನಲ್ಲಿ ಯಾವ ದೇಶದವರಾದರೂ ಜಾಗ ಕೊಳ್ಳಬಹುದು. ತೆರಿಗೆ ನಂಬರ್ ಒಂದು ಮಾಡಿಸಿಕೊಳ್ಳಬೇಕು, ಅದಕ್ಕೆ ನಿಫ್ ಅನ್ನುತ್ತಾರೆ. ಆದರೆ ಜಾಗ ಕೊಂಡರೆ ವೀಸಾ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿನ ಗೋಲ್ಡನ್ ವೀಸಾದಲ್ಲಿ ಆಸ್ತಿ ಖರೀದಿಯ ದಾರಿ 2023ರ ಅಕ್ಟೋಬರ್‌ನಲ್ಲೇ ಮುಚ್ಚಿತು.

ಇಂಥ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ನೀವು ಸಹಿ ಹಾಕುವ ವಾರ ಆ ದೇಶದ ಸರ್ಕಾರಿ ಜಾಲತಾಣವನ್ನು ಮತ್ತೊಮ್ಮೆ ತೆರೆದು ನೋಡಿ.

ಎರಡನೇ ಹೆಜ್ಜೆ: ರೊಕ್ಕ ಹೋಗುವ ದಾರಿ

ಇಲ್ಲಿ ಇರುವವರು ಹೊರಗೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಅನ್ನುವ ದಾರಿ ಇದೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್ ತನಕ ಕಳಿಸಬಹುದು. ಈ ಹಣದಿಂದ ಪರದೇಶದಲ್ಲಿ ಸ್ಥಿರಾಸ್ತಿ ಕೊಳ್ಳಲು ಅವಕಾಶ ಇದೆ. ಗಂಡ ಹೆಂಡತಿ ತಮ್ಮ ತಮ್ಮ ಮಿತಿಯನ್ನು ಕೂಡಿಸಿಯೂ ತಗೊಳ್ಳಬಹುದು. ಪ್ಯಾನ್ ಬೇಕು, ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು. ಹೀಗೆ ಕಳಿಸುವುದಕ್ಕೆ ಬ್ಯಾಂಕ್ ಸಾಲ ಕೊಡುವಂತಿಲ್ಲ. ಕೈಯಲ್ಲಿ ಇರುವ ದುಡ್ಡೇ ಹೋಗಬೇಕು.

ಎಲ್ಲರೂ ಎಡವುವುದು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಹಿಡಿಯುವ ತೆರಿಗೆಯ ಹತ್ತಿರ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕ್ 20% ತೆರಿಗೆ ಹಿಡಿಯುತ್ತದೆ. 60 ಲಕ್ಷ ಕಳಿಸುತ್ತೀರಿ ಅನ್ನಿ. 10 ಬಿಟ್ಟರೆ 50 ಉಳಿಯಿತು, ಅದರ 20% ಅಂದರೆ 10 ಲಕ್ಷ. ಅಂದರೆ 60 ಲಕ್ಷ ಅಲ್ಲಿ ಮುಟ್ಟಬೇಕಾದರೆ ನಿಮ್ಮ ಖಾತೆಯಲ್ಲಿ 70 ಲಕ್ಷ ಇರಬೇಕು. ಆ 10 ಲಕ್ಷ ಮುಳುಗಿ ಹೋಗುವುದಿಲ್ಲ. ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಜಾಸ್ತಿ ಆದದ್ದು ವಾಪಸ್ ಬರುತ್ತದೆ. ಆದರೆ ಬರುವ ತನಕ ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ. ಆಸ್ತಿಯನ್ನು ನಿಮ್ಮ ಹೆಸರಲ್ಲಿ ತಗೊಂಡರೆ ಪ್ರತಿ ವರ್ಷದ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಲೇಬೇಕು. ಮರೆತರೆ 2015ರ ಕಪ್ಪು ಹಣದ ಕಾನೂನಿನಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ದಾರಿ ಇದೆ.

ಹಿರಿಯರ ಹೊಲ ಮಾರಿ ಅಲ್ಲಿರುವ ಮಗನ ಪಾಲು ಕಳಿಸುವುದಾದರೆ ಲೆಕ್ಕ ಬೇರೆ. ಅನಿವಾಸಿಗಳು ತಮ್ಮ ಎನ್‌ಆರ್‌ಒ ಖಾತೆಯಿಂದ, ಅಂದರೆ ಇಲ್ಲಿನ ಆದಾಯ ಇಡುವ ಅನಿವಾಸಿ ಖಾತೆಯಿಂದ, ವರ್ಷಕ್ಕೆ 10 ಲಕ್ಷ ಅಮೆರಿಕನ್ ಡಾಲರ್ ತನಕ ಒಯ್ಯಬಹುದು. ಇದಕ್ಕೊಬ್ಬ ಒಳ್ಳೆ ಸಿಎ ಹಿಡಿಯಿರಿ. ಹವಾಲಾದವರ ಕಡೆ ತಲೆ ಹಾಕಿಯೂ ಮಲಗಬೇಡಿ.

ಮೂರನೇ ಹೆಜ್ಜೆ: ಕೋಲು ನೆಡುವುದು

ಈಗ ನನ್ನ ಕಸುಬಿನ ಮಾತು.

ಜನ ಮೊದಲು ಕೇಳುವುದು, "ಅಲ್ಲಿ ಬಿಸಿಲು ನಮ್ಮಷ್ಟು ಇದೆಯಾ?" ಅಂತ. ಇದನ್ನು ತಿಳಿಯಲು ಕಷ್ಟ ಇಲ್ಲ. ವಿಶ್ವಬ್ಯಾಂಕ್ ಕೈಜೋಡಿಸಿದ ಗ್ಲೋಬಲ್ ಸೋಲಾರ್ ಅಟ್ಲಾಸ್ ಅನ್ನುವ ನಕ್ಷೆ ಇದೆ, ಪುಕ್ಕಟೆ. ನಿಮ್ಮ ಪ್ಲಾಟಿನ ಮೇಲೆ ಒತ್ತಿದರೆ ಒಂದು ಕಿಲೋವ್ಯಾಟ್ ಪ್ಯಾನಲ್ ವರ್ಷಕ್ಕೆ ಎಷ್ಟು ಯೂನಿಟ್ ಕೊಡುತ್ತದೆ ಅಂತ ತೋರಿಸುತ್ತದೆ. ಯುರೋಪಿಗಾದರೆ ಅಲ್ಲಿನ ಒಕ್ಕೂಟದ ಪಿವಿಜಿಐಎಸ್ ಇನ್ನೂ ಚೆನ್ನ. ಪರ್ತ್, ದಕ್ಷಿಣ ಪೋರ್ಚುಗಲ್, ನಮ್ಮ ವಿಜಯಪುರ, ಮೂರರ ವರ್ಷದ ಮೊತ್ತವೂ ಹತ್ತಿರ ಹತ್ತಿರ 1,500ರಿಂದ 1,700ರ ನಡುವೆ ಬರುತ್ತದೆ. ಜರ್ಮನಿಗೆ ಹೋದರೆ ಸುಮಾರು 1,000.

ಈ ವರ್ಷದ ಮೊತ್ತ ನೋಡಿ ಖುಷಿಪಟ್ಟು ಸುಮ್ನಾಗಬೇಡಿ. ತಿಂಗಳ ಲೆಕ್ಕ ತೆರೆಯಿರಿ. ಎಲ್ಲಕ್ಕಿಂತ ಕೆಟ್ಟ ತಿಂಗಳು ಯಾವುದು? ನಮ್ಮಲ್ಲಿ ಜುಲೈ, ಆಗಸ್ಟ್. ಮೋಡ ಕವಿದಿರುತ್ತದೆ, ಆದರೆ ಸೂರ್ಯ ನೆತ್ತಿಯ ಹತ್ತಿರವೇ ಇರುತ್ತಾನೆ. ಡಿಸೆಂಬರ್‌ನಲ್ಲಿ ಸೂರ್ಯ ಇಳಿದರೂ ಆಕಾಶ ತಿಳಿಯಾಗಿರುತ್ತದೆ. ಒಂದು ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಪರ್ತ್‌ನಲ್ಲಿ ಹಾಗಿಲ್ಲ. ಅಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ. ಜೂನ್, ಜುಲೈನಲ್ಲಿ ಸೂರ್ಯನೂ ತಗ್ಗು, ಮೋಡವೂ ಜಾಸ್ತಿ, ಹಗಲೂ ಗಿಡ್ಡ. ಡಿಸೆಂಬರ್‌ನಲ್ಲಿ ಬರುವುದರ ಸುಮಾರು ಅರ್ಧದಷ್ಟೇ ಆಗ ಬರುತ್ತದೆ. ಪೋರ್ಚುಗಲ್‌ನಲ್ಲೂ ಇದೇ ಪಾಡು, ತಿಂಗಳು ಮಾತ್ರ ಡಿಸೆಂಬರ್, ಜನವರಿ. ಕರೆಂಟ್ ಲೈನ್ ಇಲ್ಲದೆ ಬರೀ ಸೋಲಾರ್ ಮೇಲೆ ಇರುವವರಾದರೆ ಬ್ಯಾಟರಿ ಎಷ್ಟು ದೊಡ್ಡದು ಬೇಕು ಅನ್ನುವುದನ್ನು ಈ ಕೆಟ್ಟ ತಿಂಗಳೇ ತೀರ್ಮಾನ ಮಾಡುತ್ತದೆ.

ಅಟ್ಲಾಸ್‌ಗೆ ದೊಡ್ಡ ಗುಡ್ಡ ಕಾಣುತ್ತದೆ. ಪಕ್ಕದ ಮನೆಯವರ ನೀಲಗಿರಿ ಮರ ಕಾಣುವುದಿಲ್ಲ. ಅದಕ್ಕೇ ಕೋಲು.

ತಂಗಿಯ ಗಂಡನಿಗೆ ಹೇಳಿದೆ: ನೀವು ನೋಡಿದ ಎರಡನೇ ಪ್ಲಾಟಿಗೆ ಜೂನ್ 21ರ ಸುಮಾರಿಗೆ ಹೋಗಿ. ಅಲ್ಲಿ ಅದೇ ವರ್ಷದ ಅತಿ ಗಿಡ್ಡ ಹಗಲು. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನೆಡಿ. ಮಧ್ಯಾಹ್ನ ನೆರಳು ಅತಿ ಗಿಡ್ಡ ಆಗುವ ಹೊತ್ತಿಗೆ ಅಳೆಯಿರಿ. ಗಡಿಯಾರದಲ್ಲಿ ಹನ್ನೆರಡು ಆದ ಕೂಡಲೇ ಅಳೆಯಬೇಡಿ, ಪರ್ತ್‌ನಲ್ಲಿ ಆ ದಿನಗಳಲ್ಲಿ ಸೂರ್ಯ ನಡುವಿಗೆ ಬರುವುದು ಸುಮಾರು 12 ಗಂಟೆ 18 ನಿಮಿಷಕ್ಕೆ. ನಮ್ಮಲ್ಲಿ ಆಗ ಬೆಳಗ್ಗೆ 9 ಗಂಟೆ 48 ನಿಮಿಷ. ನಾನು ಸೂಸಲಾ ತಿನ್ನುತ್ತಾ ವಿಡಿಯೋ ಕಾಲ್‌ನಲ್ಲಿ ಕೂತಿದ್ದೆ. ಅಲ್ಲಿ ಬೆಳಗಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಅವನು ಪೊರಕೆಯ ಹಿಡಿಕೆ ತಂದಿದ್ದ, ಒಂದು ಮೀಟರಿಗೆ ಗೆರೆ ಹಾಕಿ ಕತ್ತರಿಸಿದ್ದು. ಮರಳು ಮಣ್ಣು, ಹಿಡಿಕೆ ನಿಲ್ಲಲೊಲ್ಲದು. ಬುಡಕ್ಕೆ ಎರಡು ಕಲ್ಲು ಒತ್ತಿದ. ಟೇಪ್ ಎಳೆದ. 1 ಮೀಟರ್ 45 ಸೆಂಟಿಮೀಟರ್.

ಈ ಒಂದು ಅಂಕಿ ಸಿಕ್ಕಿದರೆ ಮುಂದಿನದೆಲ್ಲ ಗುಣಾಕಾರ. ಪ್ಲಾಟಿನ ಉತ್ತರದ ಬೇಲಿಯಾಚೆ ಸುಮಾರು 12 ಮೀಟರ್ ಎತ್ತರದ ನೀಲಗಿರಿ ಇತ್ತು. 12ನ್ನು 1.45ರಿಂದ ಗುಣಿಸಿದರೆ 17 ಮೀಟರ್‌ಗಿಂತ ಜಾಸ್ತಿ ನೆರಳು, ಅದೂ ನಡು ಮಧ್ಯಾಹ್ನ. ಬೆಳಗ್ಗೆ, ಸಂಜೆ ಇನ್ನೂ ಉದ್ದ. 30 ಮೀಟರ್ ಆಳದ ಪ್ಲಾಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಬಾಗಲಕೋಟೆಯಲ್ಲಿ ಅಷ್ಟೇ ಎತ್ತರದ ಬೇವಿನ ಮರ ಡಿಸೆಂಬರ್‌ನ ಮಧ್ಯಾಹ್ನ ಚಾಚುವುದು 10 ಮೀಟರ್. ನಮ್ಮ ಕಣ್ಣಿಗೆ ರೂಢಿ ಆಗಿರುವುದು ಈ 10 ಮೀಟರ್ ನೆರಳು. ಅದಕ್ಕೇ ಮೋಸ ಹೋಗುತ್ತೇವೆ. ಆ ಪ್ಲಾಟ್ ಬಿಟ್ಟೆವು.

ಚಳಿಗಾಲದಲ್ಲಿ ಹೋಗಲು ಆಗದಿದ್ದರೆ ಕಾಗದದ ಮೇಲೆಯೇ ಮಾಡಿ. 90ರಿಂದ ಆ ಊರಿನ ಅಕ್ಷಾಂಶ ಕಳೆಯಿರಿ, ಇನ್ನೊಂದು 23.5 ಕಳೆಯಿರಿ. ಉಳಿದದ್ದು ಅತಿ ಗಿಡ್ಡ ಹಗಲಿನ ಮಧ್ಯಾಹ್ನ ಸೂರ್ಯ ಎಷ್ಟು ಡಿಗ್ರಿ ಮೇಲೆ ಇರುತ್ತಾನೆ ಅನ್ನುವ ಲೆಕ್ಕ. ವಿಜಯಪುರಕ್ಕೆ ಸುಮಾರು 50 ಡಿಗ್ರಿ, ಪರ್ತ್‌ಗೆ ಸುಮಾರು 35, ಲಿಸ್ಬನ್‌ಗೆ 28, ಮ್ಯೂನಿಕ್‌ಗೆ ಬರೀ 18. ಒಂದು ಮೀಟರ್ ಕೋಲಿನ ನೆರಳು ದುಬೈನಲ್ಲಿ 1.1 ಮೀಟರ್, ಲಿಸ್ಬನ್‌ನಲ್ಲಿ 1.9, ಮ್ಯೂನಿಕ್‌ನಲ್ಲಿ 3. ಮ್ಯೂನಿಕ್‌ನಲ್ಲಿ ನಿಮ್ಮ ದಕ್ಷಿಣಕ್ಕೆ ಎರಡಂತಸ್ತಿನ ಮನೆ ಇದ್ದರೆ ಚಳಿಗಾಲ ಮುಗಿಯಿತು ಅಂತಲೇ ತಿಳಿಯಿರಿ. ಸೂರ್ಯನ ದಾರಿ ತೋರಿಸುವ ಫೋನ್ ಆಪ್‌ಗಳೂ ಇವೆ, ಕ್ಯಾಮೆರಾ ಹಿಡಿದರೆ ಆಕಾಶದಲ್ಲಿ ಗೆರೆ ಎಳೆದು ತೋರಿಸುತ್ತವೆ. ನನಗೆ ಕೋಲಿನ ಮೇಲೆಯೇ ನಂಬಿಕೆ ಜಾಸ್ತಿ.

ಸ್ವಲ್ಪ ನೆರಳು ಬಿದ್ದರೆ ಏನಾಯಿತು ಅನ್ನುವವರಿಗೆ: ಪ್ಯಾನಲ್‌ಗಳನ್ನು ಸಾಲಾಗಿ ಒಂದರ ಹಿಂದೆ ಒಂದು ಜೋಡಿಸಿರುತ್ತೇವೆ. ನಾಲ್ಕೆತ್ತಿನ ನೇಗಿಲಲ್ಲಿ ಒಂದೆತ್ತು ಕುಂಟಿದರೆ ಉಳಿದ ಮೂರೂ ನಿಧಾನ ಆಗುವ ಹಾಗೆ, ಒಂದು ಪ್ಯಾನಲ್‌ಗೆ ನೆರಳು ಬಿದ್ದರೆ ಇಡೀ ಸಾಲು ಸೊರಗುತ್ತದೆ. ಪ್ಯಾನಲ್ ಒಳಗಿನ ಡಯೋಡ್‌ಗಳು ಸ್ವಲ್ಪ ಕಾಪಾಡುತ್ತವೆ. ಪ್ರತಿ ಪ್ಯಾನಲ್‌ಗೂ ಬೇರೆ ಮೈಕ್ರೋ ಇನ್ವರ್ಟರ್ ಹಾಕಿದರೆ ಇನ್ನೂ ವಾಸಿ, ಖರ್ಚೂ ಏರುತ್ತದೆ. ಜಾಗವೇ ಬೋಳಾಗಿದ್ದರೆ ಈ ಖರ್ಚು ಯಾಕೆ?

ಇನ್ನೊಂದು ಮಾತು. ಇವತ್ತಿನ ನೆರಳಿನ ಜೊತೆ ನಾಳೆಯದನ್ನೂ ಕೇಳಿ. ಬಿಸಿಲಿನ ಕಡೆಯ ಪಕ್ಕದ ಪ್ಲಾಟಿನಲ್ಲಿ ಎಷ್ಟು ಅಂತಸ್ತು ಕಟ್ಟಲು ಬಿಡುತ್ತಾರೆ ಅಂತ ಅಲ್ಲಿನ ಕೌನ್ಸಿಲ್‌ನಲ್ಲಿ, ಅಂದರೆ ನಮ್ಮ ಪುರಸಭೆಯಂಥ ಕಚೇರಿಯಲ್ಲಿ, ವಿಚಾರಿಸಿ. ರಸ್ತೆ ಬದಿಯ ಮರ ಕೌನ್ಸಿಲ್‌ನದು, ಕೊಂಬೆ ಕಡಿಯಲೂ ಅವರನ್ನೇ ಕೇಳಬೇಕು.

ಬಿಸಿಲು ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ ಅನ್ನುವುದೂ ಪೂರ್ತಿ ನಿಜ ಅಲ್ಲ. ಪ್ಯಾನಲ್ ಬೇಕೆನ್ನುವುದು ಬೆಳಕು, ಕಾವು ಅದಕ್ಕೆ ಆಗಿ ಬರುವುದಿಲ್ಲ. 25 ಡಿಗ್ರಿ ಮೇಲೆ ಒಂದೊಂದು ಡಿಗ್ರಿಗೂ ಸುಮಾರು 0.35% ಇಳಿಯುತ್ತದೆ. ಪ್ಯಾನಲ್ 65 ಡಿಗ್ರಿ ಕಾದರೆ 14% ಹೋಯಿತು. ನಮ್ಮ ಏಪ್ರಿಲ್‌ನಲ್ಲಿ ಇದು ದಿನಾ ಆಗುವುದೇ. ದುಬೈ ಕಡೆ ಇದರ ಮೇಲೆ ಮರಳು ಧೂಳೂ ಸೇರುತ್ತದೆ, ಒರೆಸುವ ಖರ್ಚು ಹಿಡಿದೇ ಲೆಕ್ಕ ಹಾಕಿ.

ನಾಲ್ಕನೇ ಹೆಜ್ಜೆ: ಎಷ್ಟು ಜಾಗ, ಯಾವ ಮುಖ

ಸೋಲಾರ್ ಮನೆ ಅಂದ ಕೂಡಲೇ ಎಕರೆಗಟ್ಟಲೆ ಬೇಕು ಅಂದುಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಮನೆಗೆ ಸಾಮಾನ್ಯವಾಗಿ ಹಾಕುವುದು 6.6 ಕಿಲೋವ್ಯಾಟ್, ಅಂದರೆ 15-16 ಪ್ಯಾನಲ್. ಒಂದೊಂದು ಸುಮಾರು 2 ಚದರ ಮೀಟರ್. ಎಲ್ಲ ಸೇರಿ ಗುಂಟೆಯ ಮೂರನೇ ಒಂದು ಪಾಲು ಆಗುತ್ತದೆ ಅಷ್ಟೇ, ಅದೂ ಮಾಳಿಗೆ ಮೇಲೆ. ಆ ದೇಶದಲ್ಲಿ 40 ಲಕ್ಷಕ್ಕೂ ಜಾಸ್ತಿ ಮಾಳಿಗೆಗಳ ಮೇಲೆ ಸೋಲಾರ್ ಇದೆ, ಬಹಳಷ್ಟು ಸಣ್ಣ ಪ್ಲಾಟುಗಳೇ.

ಅಳತೆಗಿಂತ ಆಕಾರ ನೋಡಿ. ಮನೆಯ ಉದ್ದ ಪೂರ್ವ ಪಶ್ಚಿಮಕ್ಕೆ ಬರುವಂತಿದ್ದರೆ ಮಾಳಿಗೆಯ ದೊಡ್ಡ ಇಳಿಜಾರು ಬಿಸಿಲಿನ ಕಡೆ ಸಿಗುತ್ತದೆ. ಪರ್ತ್‌ನಲ್ಲಿ ಅದು ಉತ್ತರ, ಪೋರ್ಚುಗಲ್‌ನಲ್ಲಿ ದಕ್ಷಿಣ. ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಇಳಿಜಾರು ಬಂದರೂ ಪ್ರಪಂಚ ಮುಳುಗುವುದಿಲ್ಲ, ವರ್ಷಕ್ಕೆ ಹತ್ತು ಹದಿನೈದು ಪರ್ಸೆಂಟ್ ಕಡಿಮೆ ಆಗುತ್ತದೆ. ಬೆಳಗ್ಗೆ, ಸಂಜೆ ಕರೆಂಟ್ ಜಾಸ್ತಿ ಬೇಕಾದ ಮನೆಗೆ ಅದೇ ಅನುಕೂಲ ಆಗಬಹುದು.

ಅವ್ವ ವಾಸ್ತು ಕೇಳಿದಳು. ಬಾಗಿಲು ಪೂರ್ವಕ್ಕೆ ಇರಲಿ ಅಂದಳು, ಸಿಕ್ಕಿತು. "ಉತ್ತರ ತೆರೆದಿರಬೇಕು" ಅಂದಳು. ಪರ್ತ್‌ನ ಇಂಜಿನಿಯರ್ ಕೂಡ ಅದನ್ನೇ ಹೇಳಿದ್ದರು, ಚಳಿಗಾಲದ ಬಿಸಿಲು ಕಿಟಕಿಯಿಂದ ಒಳಗೆ ಬರಲಿ ಅಂತ. ನಮ್ಮ ಮನೆಯ ಇತಿಹಾಸದಲ್ಲಿ ಅವ್ವ ಮತ್ತು ಇಂಜಿನಿಯರ್ ಒಂದೇ ಮಾತಾಡಿದ್ದು ಅದೇ ಮೊದಲು.

ಐದನೇ ಹೆಜ್ಜೆ: ಆ ಜಾಗದಲ್ಲಿ ಮನೆ ಕಟ್ಟಲು ಬಿಡುತ್ತಾರಾ?

ಬೆಳಗಾವಿ ಗೆಳೆಯನ ಕಥೆ ಇಲ್ಲಿ ಬರುತ್ತದೆ. ದಕ್ಷಿಣ ಪೋರ್ಚುಗಲ್‌ನ ಗುಡ್ಡದ ಮೇಲೆ ಒಂದೂವರೆ ಎಕರೆ, ಆಲಿವ್ ಗಿಡ, ನಡುವೆ ಮಾಳಿಗೆ ಬಿದ್ದ ಹಳೆ ಕಲ್ಲಿನ ಗೋಡೆ. ದಕ್ಷಿಣಕ್ಕೆ ಇಳಿಜಾರು, ಒಂದು ಎಲೆಯ ನೆರಳೂ ಇಲ್ಲ. ಬೆಲೆ ನೋಡಿದರೆ ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಫ್ಲ್ಯಾಟೂ ಬರುವುದಿಲ್ಲ. "ಗೋಡೆ ಇದೆಯಲ್ಲ, ಮನೆ ಇದ್ದ ಹಾಗೇ" ಅಂದ ಮಾರುವವ. ಇವನು ಮುಂಗಡ ಕೊಟ್ಟುಬಿಟ್ಟ.

ಕಾಗದ ತೆಗೆಸಿದಾಗ ಅದು ರೂಸ್ಟಿಕು, ಅಂದರೆ ಹೊಲ. ಕಟ್ಟಡ ಇರುವ, ಕಟ್ಟಬಹುದಾದ ಜಾಗಕ್ಕೆ ಉರ್ಬಾನು ಅನ್ನುತ್ತಾರೆ. ನಮ್ಮಲ್ಲಿ ಉತಾರ ನೋಡಿ, ಎನ್‌ಎ ಆಗಿದೆಯಾ ಅಂತ ಕೇಳುತ್ತೇವಲ್ಲ, ಅದೇ ಪ್ರಶ್ನೆ. ವ್ಯತ್ಯಾಸ ಏನು ಅಂದರೆ ಅಲ್ಲಿ ಹೊಲವನ್ನು ಮನೆಜಾಗ ಮಾಡಿಸುವುದು ಬಹಳ ಕಷ್ಟ. ಕೃಷಿಗೆ ಮೀಸಲಿಟ್ಟ ಭೂಮಿಗೆ ರಾನ್, ಪರಿಸರಕ್ಕೆ ಮೀಸಲಿಟ್ಟದ್ದಕ್ಕೆ ರೆನ್ ಅಂತ ಎರಡು ಪಟ್ಟಿ ಇವೆ. ಇವನ ಗುಡ್ಡ ಎರಡನೇ ಪಟ್ಟಿಯಲ್ಲಿತ್ತು. ಗೋಡೆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಸಾಲದ್ದಕ್ಕೆ ಅಲ್ಲಿ ಸಣ್ಣ ಹೊಲ ಮಾರುವಾಗ ಅಕ್ಕಪಕ್ಕದ ಹೊಲದವರಿಗೆ ಮೊದಲು ಕೊಳ್ಳುವ ಹಕ್ಕು ಇರುತ್ತದೆ, ಅವರನ್ನು ಯಾರೂ ಕೇಳಿರಲಿಲ್ಲ. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂತು.

ಅವನು ಮಾಡಬೇಕಾಗಿದ್ದದ್ದು ಇಷ್ಟು. ತೆರಿಗೆ ಕಚೇರಿಯ ಆಸ್ತಿ ಪತ್ರ, ನೋಂದಣಿ ಕಚೇರಿಯ ಪತ್ರ, ಎರಡನ್ನೂ ತರಿಸಿ ಅಳತೆ ತಾಳೆ ನೋಡುವುದು. ಆಮೇಲೆ ಅಲ್ಲಿನ ಮುನ್ಸಿಪಾಲಿಟಿಗೆ, "ಈ ಜಾಗದಲ್ಲಿ ಇಂಥ ಮನೆ ಕಟ್ಟಬಹುದಾ?" ಅಂತ ಮುಂಚಿತ ವಿಚಾರಣೆ ಅರ್ಜಿ ಹಾಕುವುದು. ಪಿಐಪಿ ಅನ್ನುತ್ತಾರೆ ಅದಕ್ಕೆ. ಉತ್ತರ ಲಿಖಿತದಲ್ಲಿ ಬರುತ್ತದೆ. ಅದು ಕೈಗೆ ಬರುವ ತನಕ ಒಂದು ಯೂರೋ ಕೂಡ ಕೊಡಬಾರದು.

ಆಸ್ಟ್ರೇಲಿಯಾದಲ್ಲಿ ಕಾಗದ ಸರಳ. ಸರ್ಕಾರವೇ ಒಡೆತನ ಬರೆದಿಟ್ಟುಕೊಂಡು ಖಾತ್ರಿ ಕೊಡುವ ಪದ್ಧತಿ, 1858ರಲ್ಲಿ ಸೌತ್ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಒಂದು ಟೈಟಲ್ ತೆಗೆಸಿದರೆ ಸಾಕು, ಮೂವತ್ತು ವರ್ಷದ ಇಸಿ ಹುಡುಕುವ ಪಾಡಿಲ್ಲ. ಆದರೆ ಟೈಟಲ್‌ನ ಕೆಳಗಿನ ಸಣ್ಣ ಅಕ್ಷರ ಓದಿ. ಪೈಪ್, ತಂತಿ ಹಾಯಲು ಬಿಟ್ಟ ಪಟ್ಟಿ ಇದ್ದರೆ ಅದರ ಮೇಲೆ ಕಟ್ಟುವಂತಿಲ್ಲ. ಬಡಾವಣೆ ಮಾಡಿದವರು ಮಾಳಿಗೆ, ಬಣ್ಣ, ಮುಂಭಾಗದ ಬಗ್ಗೆ ಹಾಕಿದ ಕರಾರುಗಳೂ ಅಲ್ಲೇ ಇರುತ್ತವೆ. ರಸ್ತೆಗೆ ಕಾಣುವ ಮಾಳಿಗೆಯ ಮೇಲೆ ಏನು ಇಡಬಹುದು ಅಂತ ನೇರವಾಗಿ ಕೇಳಿ.

ಆರನೇ ಹೆಜ್ಜೆ: ನೀರು, ಮಣ್ಣು, ಬೆಂಕಿ

ನೀರಿನ ವಿಷಯ ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಓಣಿಗಳನ್ನು ಬಿಟ್ಟು ಬಂದ ಮನೆತನ ನಮ್ಮದು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣೆ ಮೂರೂ ಉಕ್ಕಿದ್ದನ್ನು ನೋಡಿದ್ದೇವೆ. ಆದರೂ ಪರದೇಶಕ್ಕೆ ಹೋದಾಗ "ಅಲ್ಲೆಲ್ಲ ಸರಿಯಾಗಿರ್ತದೆ ಬಿಡು" ಅಂತ ಮರೆಯುತ್ತೇವೆ. ಕೌನ್ಸಿಲ್‌ನ ಪ್ರವಾಹ ನಕ್ಷೆ ತೆರೆಯಿರಿ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಅಂತ ಬರೆದಿರುತ್ತದೆ. ಹಾಗಂದರೆ ನೂರು ವರ್ಷ ನಿಶ್ಚಿಂತೆ ಅಂತ ಅರ್ಥ ಅಲ್ಲ, ಪ್ರತಿ ವರ್ಷವೂ ನೂರಕ್ಕೆ ಒಂದು ಸಾಧ್ಯತೆ. 30 ವರ್ಷ ಆ ಮನೆಯಲ್ಲಿದ್ದರೆ ಒಮ್ಮೆಯಾದರೂ ನೀರು ನೋಡುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ. ಬ್ಯಾಟರಿ, ಇನ್ವರ್ಟರ್ ಇಡುವುದು ನೆಲದ ಹತ್ತಿರವೇ ಅಲ್ವಾ?

ಮಣ್ಣಿನ ಮಾತಿಗೆ ಬಂದರೆ, ಎರೆ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಗೋಡೆ ಯಾಕೆ ಬಿರಿಯುತ್ತದೆ ಅಂತ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಗುಣಕ್ಕೆ ಅಕ್ಷರ ಕೊಟ್ಟಿದ್ದಾರೆ. ಎ ಅಂದರೆ ಮರಳು ಅಥವಾ ಕಲ್ಲು, ಅಲುಗದ ನೆಲ. ಎಸ್, ಎಂ, ಎಚ್1, ಎಚ್2 ದಾಟಿ ಇ ತನಕ ಹೋದ ಹಾಗೆ ಉಬ್ಬು ಜಾಸ್ತಿ, ಪಾಯದ ಖರ್ಚೂ ಜಾಸ್ತಿ. ತುಂಬಿದ ಮಣ್ಣು, ಕುಸಿಯುವ ಮಣ್ಣಿಗೆ ಪಿ. ಪರ್ತ್‌ನ ಮರಳಿಗೆ ಹೆಚ್ಚಾಗಿ ಎ ಇಲ್ಲವೇ ಎಸ್ ಬರುತ್ತದೆ. ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಗಳಲ್ಲಿ ನೆಲದಡಿ ವಿಜಯಪುರದ ಹಾಗೆ ಬಸಾಲ್ಟ್ ಕಲ್ಲು, ಮೇಲೆ ಅದೇ ಉಬ್ಬುವ ಜಿಗಟು ಮಣ್ಣು. ಅಲ್ಲಿ ಪ್ಲಾಟ್ ಅಗ್ಗ ಕಂಡರೆ ಪಾಯದ ಅಂದಾಜು ಸೇರಿಸಿ ನೋಡಿ.

ಬೆಂಕಿ ನಮಗೆ ಹೊಸದು. ಆಸ್ಟ್ರೇಲಿಯಾದಲ್ಲಿ ಕಾಡ್ಗಿಚ್ಚಿನ ಅಪಾಯಕ್ಕೆ ಬ್ಯಾಲ್ ಅನ್ನುವ ದರ್ಜೆ ಇದೆ. 12.5ರಿಂದ ಶುರುವಾಗಿ 19, 29, 40, ಕೊನೆಗೆ ನೇರ ಜ್ವಾಲೆ ತಾಗುವ ವಲಯ. ಮೇಲೇರಿದ ಹಾಗೆ ಕಿಟಕಿ ಗಾಜಿನಿಂದ ಮಾಳಿಗೆಯ ತನಕ ಎಲ್ಲ ದುಬಾರಿ. ಪೋರ್ಚುಗಲ್‌ನಲ್ಲಿ ಹಳ್ಳಿ ಕಡೆಯ ಮನೆಯ ಸುತ್ತ 50 ಮೀಟರ್ ತನಕ ಗಿಡಗಂಟಿ ಸವರಿಡಬೇಕು. 2017ರ ದೊಡ್ಡ ಬೆಂಕಿಯ ಆಮೇಲೆ ಇದನ್ನು ಗಟ್ಟಿಯಾಗಿ ಕೇಳುತ್ತಿದ್ದಾರೆ. ನೀವು ಬಾಗಲಕೋಟೆಯಲ್ಲಿ ಇದ್ದು ಜಾಗ ಅಲ್ಲಿದ್ದರೆ ಪ್ರತಿ ವರ್ಷ ಸವರುವವರು ಯಾರು?

ಏಳನೇ ಹೆಜ್ಜೆ: ತಂತಿ ಮತ್ತು ದಾರಿ

ಬಡಾವಣೆಯ ಪ್ಲಾಟಾದರೆ ಕಂಬ ಬಾಗಿಲಲ್ಲೇ ಇರುತ್ತದೆ. ಎರಡು ಪ್ರಶ್ನೆ ಸಾಕು. ಒಂದು, ಮನೆಯಿಂದ ಲೈನಿಗೆ ಎಷ್ಟು ಕಿಲೋವ್ಯಾಟ್ ಬಿಡಲು ಅವಕಾಶ? ಎರಡು, ಬಿಟ್ಟ ಯೂನಿಟ್‌ಗೆ ಎಷ್ಟು ಕೊಡುತ್ತಾರೆ? ಆಸ್ಟ್ರೇಲಿಯಾದಲ್ಲಿ ಈ ದರ ವರ್ಷಗಳಿಂದ ಇಳಿಯುತ್ತಾ ಬಂದಿದೆ. ಹಾಗಾಗಿ ಹಗಲಿನದನ್ನು ಮಾರುವ ಬದಲು ಬ್ಯಾಟರಿಯಲ್ಲಿ ಇಟ್ಟು ರಾತ್ರಿ ಬಳಸುವುದೇ ಲಾಭ ಆಗುತ್ತಿದೆ. 2025ರ ಜುಲೈನಿಂದ ಅಲ್ಲಿನ ಕೇಂದ್ರ ಸರ್ಕಾರ ಬ್ಯಾಟರಿಗೂ ರಿಯಾಯಿತಿ ಶುರು ಮಾಡಿತು. ನಮ್ಮಲ್ಲಿ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಪ್ಯಾನಲ್‌ಗೆ ಸಿಗುತ್ತದೆ ಅಲ್ವಾ, ಹಾಗೆ.

ಊರ ಹೊರಗಿನ ಜಾಗಕ್ಕೆ ಲೈನ್ ಎಳೆಸುವ ಖರ್ಚನ್ನು ಮೊದಲೇ ಲಿಖಿತದಲ್ಲಿ ಕೇಳಿ. ಎಷ್ಟೋ ಸಲ ಅದರಲ್ಲೇ ಒಂದು ಪೂರ್ತಿ ಬ್ಯಾಟರಿ ವ್ಯವಸ್ಥೆ ಬರುತ್ತದೆ. ಪೋರ್ಚುಗಲ್‌ನಲ್ಲಿ ಬೋರ್ ಹಾಕುವುದಾದರೆ ಪರವಾನಗಿ ಬೇಕಾ ಅಂತ ಮೊದಲೇ ವಿಚಾರಿಸಿ. ಇನ್ನು ದಾರಿ. ನಡೆದು ಹೋಗಲು ಬಿಡುವುದು ಬೇರೆ, ಕಾಂಕ್ರೀಟ್ ಲಾರಿ ಹೋಗುವ ಹಕ್ಕು ಬೇರೆ. ಹೊಲದ ಬಂಡಿ ದಾರಿಗೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನೋಡಿದ ನಮಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಎಂಟನೇ ಹೆಜ್ಜೆ: ಸಹಿ

ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಖರೀದಿ ಕರಾರಿನಲ್ಲೇ ಷರತ್ತು ಬರೆಸಬಹುದು. ತಂಗಿ ಮೂರು ಬರೆಸಿದಳು: ಮಣ್ಣಿನ ವರದಿ ಎಸ್‌ಗಿಂತ ಕೆಟ್ಟದ್ದು ಬಂದರೆ ಬಿಡುತ್ತೇವೆ, ಬ್ಯಾಲ್ 12.5 ದಾಟಿದರೆ ಬಿಡುತ್ತೇವೆ, ಸಾಲ ಮಂಜೂರಾಗದಿದ್ದರೆ ಬಿಡುತ್ತೇವೆ. ಏಜೆಂಟ್ ಮುಖ ಗಂಟು ಹಾಕಿದನಂತೆ. ಹಾಕಲಿ ಬಿಡಿ, ಅವನು ಮಾರುವವರ ಏಜೆಂಟ್. ನಿಮ್ಮ ಕಾಗದ ನೋಡಲು ಬೇರೆ ಸೆಟಲ್‌ಮೆಂಟ್ ಏಜೆಂಟ್ ಇಲ್ಲವೇ ವಕೀಲರನ್ನು ನೀವೇ ಹಿಡಿಯಬೇಕು. ಪೋರ್ಚುಗಲ್‌ನಲ್ಲಿ ಮುಂಗಡ ಕೊಟ್ಟು ಒಪ್ಪಂದ ಮಾಡಿದ ಮೇಲೆ ನೀವು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವರು ಸರಿದರೆ ಎರಡು ಪಟ್ಟು ಕೊಡಬೇಕು. ಷರತ್ತು ಏನಿದ್ದರೂ ಆ ಒಪ್ಪಂದಕ್ಕೆ ಮೊದಲೇ ಸೇರಬೇಕು.

ಹಣ ಮುಟ್ಟಬೇಕಾದ ದಿನದ ಹಿಂದೆ ಹದಿನೈದು ದಿನ ಇಟ್ಟುಕೊಳ್ಳಿ. ನಮ್ಮ ಬ್ಯಾಂಕಿನಲ್ಲಿ ಎ2 ಫಾರ್ಮ್‌ನ ಒಂದು ಖಾನೆ ತಪ್ಪಿ ನಾಲ್ಕು ದಿನ ಹೋಯಿತು. ನಡುವೆ ಯುಗಾದಿ ರಜೆ. ಅಲ್ಲಿ ತಂಗಿ ದಿನ ಎಣಿಸುತ್ತಿದ್ದಳು. ತಡ ಆದರೆ ಬಡ್ಡಿ ಕೇಳುವ ಕರಾರು ಅದು. ಕೊನೆಯ ದಿನದ ಹಿಂದಿನ ಸಂಜೆ ಮುಟ್ಟಿತು.

ಈಗ ತಂಗಿ ಕೊನೆಗೆ ತಗೊಂಡ ಪ್ಲಾಟಿನಲ್ಲಿ ಪಾಯ ಎದ್ದಿದೆ. ಹಿಂದಿನ ತಿಂಗಳು ಮಾಳಿಗೆಯ ನಕ್ಷೆ ಕಳಿಸಿದ್ದರು, ಪ್ಯಾನಲ್ ಎಲ್ಲೆಲ್ಲಿ ಅಂತ ಗುರುತು ಹಾಕಿ ಕೊಡು ಅಂತ. ಪೆನ್ಸಿಲ್ ತಗೊಂಡು ಕೂತವನು ಅಭ್ಯಾಸಬಲದಿಂದ ದಕ್ಷಿಣದ ಇಳಿಜಾರಿನ ಮೇಲೆಯೇ ಮೊದಲ ಚೌಕ ಎಳೆದೆ. ಅಳಿಸಿ ಮತ್ತೆ ಎಳೆದು ಕಳಿಸಿದ್ದೇನೆ.